ತೊಲೆಯ ಮೇಲಿನ ಹೆಜ್ಜೆ

ಆದವಾನಿಯ ಹಳೇ ಪೇಟೆಯಲ್ಲಿ ಗಾದಿ ಓಣಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನಾನು ಮೊದಲು ತಲೆ ಎತ್ತಿ ಮೇಲೆ ನೋಡುತ್ತೇನೆ. ಕೇಳಿದವರು ಈಕೆಗೆ ಏನೋ ಆಗಿದೆ ಎಂದುಕೊಳ್ಳುತ್ತಾರೆ. ಏನು ಮಾಡಲಿ, ಹದಿಮೂರರಿಂದ ಹದಿನಾರರವರೆಗೆ ಆ ಓಣಿಯನ್ನು ನಾನು ನೋಡಿದ್ದು ಮಾಳಿಗೆಯ ಮೇಲಿನಿಂದ ಮಾತ್ರ. ಈಗ ಅಲ್ಲಿ ಸಿಮೆಂಟಿನ ಮನೆಗಳೆದ್ದಿವೆ, ಮೇಲೆ ಮೊಬೈಲ್ ಟವರು ನಿಂತಿದೆ, ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಬೆಕ್ಕು ಕೂಡ ದಾಟಲಾರದು. ಆಗ ಸಾಲಿಗೆ ಎಂಟು ಮನೆ, ಎಂಟಕ್ಕೂ ನಡುವಿನ ಗೋಡೆ ಒಂದೇ, ಬೆನ್ನಿಗೆ ಹಿಂದಿನ ಓಣಿಯ ಮನೆಗಳ ಬೆನ್ನು. ಮುಂದೆ ಪಡಸಾಲೆಯಲ್ಲಿ ಬಿಳಿ ಹಾಸಿಗೆ, ಲೋಡು ಹಾಕಿಕೊಂಡು ಹತ್ತಿ ವ್ಯಾಪಾರದ ಗಂಡಸರು ಕೂಡುವ ಜಾಗಕ್ಕೆ ಗಾದಿ ಎನ್ನುತ್ತಿದ್ದರು. ಅದರ ಪಕ್ಕದಲ್ಲೇ ಒಬ್ಬರು ಹಾಯುವಷ್ಟು ಅಗಲದ ಕತ್ತಲ ಸಂದಿ, ಸಂದಿಯ ಒಳತುದಿಗೊಂದು ಗಿಡ್ಡ ಬಾಗಿಲು. ಹೆಂಗಸರು, ಸೌದೆ, ನೀರಿನ ಕೊಡ ಮೂರೂ ಓಡಾಡುವುದು ಆ ಸಂದಿ ಬಾಗಿಲಲ್ಲಿ. ಕನ್ನಡ ಸೀಮೆಯಿಂದ ಈ ತೆಲುಗು ನಾಡಿಗೆ ಬಂದ ನಮ್ಮ ಹಿರಿಯರು ದಂಡು, ದರೋಡೆಗಳ ಕಾಲದಲ್ಲಿ ಹೀಗೆ ಕಟ್ಟಿದರಂತೆ. ಕಳ್ಳರು ಒಳಗೆ ಬರಬಾರದೆಂದು ಕಟ್ಟಿದ ಮನೆಯಿಂದ ಹೆಂಗಸರು ಹೊರಗೆ ಹೋಗುವುದೂ ನಿಂತಿತು. ಇದು ಅವರ ಎಣಿಕೆಯಲ್ಲೇ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಇತ್ತೆಂದೇ ನನ್ನ ಅನುಮಾನ.

ಒಳಗಿನ ಕೋಣೆಗಳಿಗೆ ಕಿಟಕಿ ಎಂಬುದೇ ಇರಲಿಲ್ಲ. ಮಾಳಿಗೆಯಲ್ಲಿ ಒಂದು ತೂತು, ಅದೇ ಬೆಳಕಿಂಡಿ. ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ತಾಟಿನಷ್ಟು ಬಿಸಿಲು ಬೀಳುತ್ತಿತ್ತು, ಅವ್ವ ಆ ಬಿಸಿಲಿಗೆ ಅಕ್ಕಿಯ ಮೊರ ಸರಿಸಿಕೊಂಡು ಕಲ್ಲು ಆರಿಸುತ್ತಿದ್ದಳು. ಬಿಸಿಲು ಸರಿದಂತೆ ಆಕೆಯೂ ಸರಿಯುತ್ತಿದ್ದಳು. ಹಂಗಾಮಿನಲ್ಲಿ ಜಿನ್ನಿಂಗ್ ಮಿಲ್ಲುಗಳಿಂದ ಹಾರಿ ಬಂದ ಅರಳೆ ಬೆಳಕಿಂಡಿಯಿಂದ ಇಳಿದು ಸಾರಿನ ಮೇಲೆ ಕೂಡುತ್ತಿತ್ತು, ಅದನ್ನು ಬೆರಳಲ್ಲಿ ತೆಗೆದು ಉಣ್ಣುವುದು ನಮಗೆ ರೂಢಿ. ಭಾಷೆಯನ್ನೂ ಮನೆಯ ಹಾಗೆಯೇ ಹಂಚಿದ್ದರು. ಗಾದಿಯಲ್ಲಿ ತೆಲುಗು, ನಡುಮನೆಯಲ್ಲಿ ಎರಡೂ, ಅಡುಗೆಮನೆಯಲ್ಲಿ ಬರೀ ಕನ್ನಡ. ಗಾದಿಯಲ್ಲಿ ಗಿರಾಕಿಯೊಂದಿಗೆ ತೆಲುಗಿನಲ್ಲಿ ಜಗಳವಾಡಿದ ಅಪ್ಪ ಹೊಸ್ತಿಲು ದಾಟುತ್ತಲೇ ಅದೇ ಸಿಟ್ಟನ್ನು ಕನ್ನಡಕ್ಕೆ ತಿರುಗಿಸಿಕೊಂಡು ಒಳಗೆ ತರುತ್ತಿದ್ದ.

ನಾನು ಎಂಟು ವರ್ಷದವಳಿದ್ದಾಗ ಮನೆ ಎರಡಾಯಿತು. ಅಪ್ಪನಿಗೂ ಅಪ್ಪನ ತಮ್ಮ ಚಿಗಪ್ಪನಿಗೂ ಯಾವುದಕ್ಕೆ ಬಿಗಡಾಯಿಸಿತು ಎಂದು ನನಗೆ ಯಾರೂ ಹೇಳಲಿಲ್ಲ, ಕೇಳಿದಾಗೆಲ್ಲ ಪೆಟ್ಟು ಸಿಕ್ಕಿತು. ನಡುಮನೆಯಲ್ಲಿ ಗೋಡೆ ಎದ್ದಿತು, ಗಾದಿ, ಸಂದಿ ಬಾಗಿಲು ಎರಡೆರಡಾದವು. ಬಾವಿ ನಮ್ಮ ಪಾಲಿಗೆ ಬಂತು, ದೇವರ ಕೋಣೆ ಅವರ ಪಾಲಿಗೆ ಹೋಯಿತು. ನಮಗೆ ದೇವರಿಲ್ಲ, ಅವರಿಗೆ ನೀರಿಲ್ಲ. ಕೇಳಿದ್ದರೆ ಎರಡೂ ಸಿಗುತ್ತಿದ್ದವು, ಆದರೆ ಕೇಳುವುದು ಎರಡೂ ಮನೆಯ ಜಾಯಮಾನದಲ್ಲೇ ಇರಲಿಲ್ಲ. ನಾವು ಗೂಡಿನಲ್ಲಿ ಪಟ ಇಟ್ಟು ಪೂಜೆ ಮಾಡಿದೆವು, ಅವರು ನೀರು ಹೊರುವವಳನ್ನು ಗೊತ್ತು ಮಾಡಿಕೊಂಡರು. ಮಾಳಿಗೆಯ ಮೇಲೂ ಚಿಗಪ್ಪ ಸೊಂಟದೆತ್ತರದ ಗೋಡೆ ಕಟ್ಟಿಸಿದ. ನಮ್ಮ ಕಡೆಯವರು ಯಾರೂ ತನ್ನ ಮಾಳಿಗೆಯ ಮೇಲೆ ಕಾಲಿಡಬಾರದು ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದ.

ಹದಿಮೂರಕ್ಕೆ ನಾನು ದೊಡ್ಡವಳಾದೆ. ಹದಿನಾರು ದಿನ ಮೂಲೆಯಲ್ಲಿ ಕೂಡಿಸಿ, ಕೊಬ್ಬರಿ ಬೆಲ್ಲ ತಿನ್ನಿಸಿ, ಹಾಡು ಹಾಡಿ ಎಬ್ಬಿಸಿದರು. ಹದಿನೇಳನೆಯ ದಿನ ಚೀಲ ಹೆಗಲಿಗೆ ಹಾಕಿಕೊಂಡು ಸ್ಕೂಲಿಗೆ ಹೊರಟಾಗ ಅಜ್ಜಿ ಸಂದಿ ಬಾಗಿಲಿಗೆ ಅಡ್ಡ ಕೂತಿದ್ದಳು. ಅಪ್ಪನ ಅವ್ವ. ಮನೆ ಒಡೆದಾಗಲೂ ಒಡೆಯದೆ ಉಳಿದವಳು ಆಕೆಯೊಬ್ಬಳೇ.

"ಎಲ್ಲಿಗವ್ವ?"

"ಸಾಲಿಗೆ."

"ಅಷ್ಟೂ ಗಾದಿ ಮುಂದ ಹಾದು ಹೋಗ್ತಿಯೇನು? ಒಬ್ಬೊಬ್ಬ ದಲಾಲಿ ನಿನ್ನ ನೋಡಿ ಒಂದೊಂದು ಮಾತು ಆಡ್ಲೆಂತ? ಈ ಮನಿ ಹೆಣ್ಮಕ್ಕಳು ದೊಡ್ಡಾಕ್ಯಾದ ಮ್ಯಾಲ ಬೀದಿಗೆ ಇಳಿದಿಲ್ಲ."

ನಾನು ಎರಡು ದಿನ ಉಣ್ಣಲಿಲ್ಲ. ದೊಡ್ಡ ಧೈರ್ಯವೇನಲ್ಲ, ಬರೀ ಹಟ. ಓದು ಎಂದರೆ ಏನು, ಅದು ನನ್ನನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದೊಂದೂ ಆಗ ತಿಳಿದಿರಲಿಲ್ಲ. ಆ ತಾಟಿನಷ್ಟು ಬಿಸಿಲಿನ ಹಿಂದೆ ಮೊರ ಸರಿಸುತ್ತ ಕೂಡುವುದು ನನ್ನಿಂದ ಆಗುವುದಿಲ್ಲ ಎಂಬುದಷ್ಟೇ ತಿಳಿದಿತ್ತು. ಮೂರನೆಯ ದಿನ ಅಜ್ಜಿ ರೊಟ್ಟಿಯ ತಾಟು ನನ್ನ ಮುಂದೆ ಕುಕ್ಕಿದಳು.

"ಬೀದಿ ಬಿಟ್ಟು ಹೆಂಗ ಹೋಗ್ತಿ ಹೇಳು. ಹಾರಿ ಹೋಗ್ತಿಯೇನು?"

"ಮಾಳಿಗಿ ಮ್ಯಾಲ ಹೋಗ್ತೀನಿ."

ಸಾಲಿನ ಈ ತುದಿ ನಮ್ಮ ಮನೆ, ಆ ತುದಿ ಪಿಂಜಾರ ಹುಸೇನಮ್ಮನದು, ನಡುವೆ ಆರು ಮಾಳಿಗೆ. ಗಾದಿಗಳ ಸಾಲಿನಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಮನೆ ಅದೊಂದೇ. ಮಾಳಿಗೆಯಿಂದ ಹೊರಗೆ ಇಳಿಯುವ ಮೆಟ್ಟಿಲಿದ್ದದ್ದೂ ಅದೊಂದಕ್ಕೇ. ಮೆಟ್ಟಿಲಿಳಿದು ನಾಲ್ಕು ಹೆಜ್ಜೆ ಹಾಕಿದರೆ ಹೆಣ್ಣುಮಕ್ಕಳ ಹೈಸ್ಕೂಲಿನ ಗೇಟು. ಹೆಂಗಸರು ಉಪ್ಪಿಗೆ, ಹೆಪ್ಪಿಗೆ, ಹೆರಿಗೆಗೆ ಮಾಳಿಗೆಯ ಮೇಲೆಯೇ ಓಡಾಡುತ್ತಿದ್ದರು, ಅದಕ್ಕೆ ಆಕ್ಷೇಪಣೆ ಇರಲಿಲ್ಲ. ಅಜ್ಜಿ ತನ್ನ ಮಾತಿನಲ್ಲೇ ಸಿಕ್ಕಿಬಿದ್ದಿದ್ದಳು. ಆದರೆ ಸೋಲುವವಳಲ್ಲ.

"ನಿಮ್ಮ ಚಿಗಪ್ಪನ ಮಾಳಿಗಿ ಹೆಂಗ ದಾಟ್ತಿ?" ಎಂದು ನಕ್ಕಳು.

ಅವತ್ತು ಸಂಜೆ ನಾನು ಮಾಳಿಗೆಯ ಗೋಡೆಗೆ ಒರಗಿ ಅಳುತ್ತಿದ್ದೆ. ಗೋಡೆಯ ಆಚೆ ಚಿಗವ್ವ ಒಣಮೆಣಸಿನಕಾಯಿ ಹೊರಳಿಸುತ್ತಿದ್ದಳು. ಚಿಗವ್ವ ಆಲೂರಿನವಳು, ಅಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು, ಮಕ್ಕಳಿರಲಿಲ್ಲ. ಮನೆ ಒಡೆದ ಮೇಲೆ ನಮ್ಮಿಬ್ಬರಿಗೂ ಮಾತು ಬಂದ್. ಆಕೆ ನನ್ನ ಕಡೆ ನೋಡದೆ, ಮೆಣಸಿನಕಾಯಿಗೆ ಹೇಳುವವಳ ಹಾಗೆ ಹೇಳಿದಳು.

"ಒಂಬತ್ತಕ್ಕ ನಿಮ್ಮ ಚಿಗಪ್ಪ ಲಿಂಗಪೂಜಿಗೆ ಕೂಡ್ತಾರ. ಲಿಂಗ ಅಂಗೈಯಾಗ ಇರೋತನ ಏಳಂಗಿಲ್ಲ, ಬಾಯಿ ಬಿಡಂಗಿಲ್ಲ. ಅರ್ಧ ತಾಸು. ಸಂಜಿಗೆ ನೀ ಬರೋ ಹೊತ್ತಿಗೆ ಮಾರ್ಕೆಟ್ ಯಾರ್ಡಿನಾಗ ಇರ್ತಾರ."

ಹೀಗೆ ನನ್ನ ಓದು ಚಿಗಪ್ಪನ ಭಕ್ತಿಯ ಮೇಲೆ ನಿಂತಿತು. ದಾರಿ ಸಿಕ್ಕರೆ ಸಾಲದು, ನಡೆಯುವುದನ್ನೂ ಕಲಿಯಬೇಕಿತ್ತು. ನಮ್ಮವು ಮಣ್ಣಿನ ಮಾಳಿಗೆಗಳು. ಕೆಳಗೆ ಮರದ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಳೆ ಇಳಿಯದ ಚೌಳು ಮಣ್ಣು. ಎರಡು ತೊಲೆಗಳ ನಡುವೆ ಕಾಲಿಟ್ಟರೆ ಮಾಳಿಗೆ ಅದುರಿ, ಕೆಳಗೆ ರೊಟ್ಟಿ ಬಡಿಯುವವರ ಹಿಟ್ಟಿನ ಮೇಲೆ ಮಣ್ಣು ಉದುರುತ್ತದೆ. ತೊಲೆಯ ಮೇಲೆಯೇ ಇಟ್ಟರೆ ಕೆಳಗಿನವರಿಗೆ ಸಣ್ಣ ಸಪ್ಪಳ ಮಾತ್ರ. ತೊಲೆ ಇರುವ ಕಡೆ ಮಣ್ಣು ಕೂದಲೆಳೆಯಷ್ಟು ಉಬ್ಬಿರುತ್ತದೆ, ಬರಿಗಾಲಿಗೆ ಗೊತ್ತಾಗುತ್ತದೆ. ಇದನ್ನು ಕಲಿಸಿದವಳೂ ಚಿಗವ್ವನೇ. ಒಂದು ವಾರ ಸಂಜೆ ಗೋಡೆಯ ಆಚೆ ಆಕೆ ನಡೆದು ತೋರಿಸುತ್ತಿದ್ದಳು, ಈಚೆ ನಾನು ನಡೆಯುತ್ತಿದ್ದೆ. ತಿಂಗಳೊಳಗೆ ಆರು ಮಾಳಿಗೆಯ ತೊಲೆಗಳೂ ನನ್ನ ಕಾಲಿಗೆ ಬಾಯಿಪಾಠವಾದವು. ಚಪ್ಪಲಿ ಚೀಲದಲ್ಲಿ, ಉಸಿರು ಎದೆಯಲ್ಲಿ.

ಮೂರು ವರ್ಷ ಹಾಗೆ ಹೋಗಿ ಬಂದೆ. ಬೆಳಕಿಂಡಿಗಳ ಪಕ್ಕದಲ್ಲಿ ಹಾಯುವಾಗ ಓಣಿಯ ಗುಟ್ಟುಗಳೆಲ್ಲ ಹೊಗೆಯ ಜೊತೆ ಮೇಲೆ ಬರುತ್ತಿದ್ದವು. ಯಾರ ಮನೆಯಲ್ಲಿ ಸಾರಿಗೆ ಬೇಳೆಯಿಲ್ಲ, ಯಾವ ಸೊಸೆ ಬಚ್ಚಲಲ್ಲಿ ಅಳುತ್ತಾಳೆ, ಬೀದಿಯಲ್ಲಿ ಗುಡುಗುವ ಯಾವ ಸಾಹುಕಾರ ಹೆಂಡತಿಯ ಮುಂದೆ ಮಾತೇ ಆಡುವುದಿಲ್ಲ. ಒಂದು ದಿನ ಚಿಗಪ್ಪನ ಬೆಳಕಿಂಡಿಯಿಂದ ನನ್ನದೇ ಸುದ್ದಿ ಕೇಳಿಸಿತು. ಸಂಜೆ ಬೇಗ ಮನೆಗೆ ಬಂದಿದ್ದ ಚಿಗಪ್ಪ ಚಿಗವ್ವನನ್ನು ಕೇಳುತ್ತಿದ್ದ.

"ಪೂಜಿ ಹೊತ್ತಿಗೆ ಮಾಳಿಗಿ ಮ್ಯಾಲ ಅದೇನು ಸಪ್ಪಳ?"

"ಕ್ವಾಟಿ ಬೆಟ್ಟದ ಮಂಗ್ಯಾ ರೀ."

"ಒಂದೇ ಮಂಗ್ಯಾ. ದಿನಾ ಒಂಬತ್ತಕ್ಕ. ಆದಿತ್ಯವಾರ ಬಿಟ್ಟು!"

ಚಿಗವ್ವ ಏನು ಉತ್ತರ ಕೊಟ್ಟಳೋ ನಾನು ನಿಂತು ಕೇಳಲಿಲ್ಲ. ಮರುದಿನವೂ ಚಿಗಪ್ಪ ಒಂಬತ್ತಕ್ಕೇ ಪೂಜೆಗೆ ಕೂತ. ಗೊತ್ತಿದ್ದೂ ಸುಮ್ಮನಿದ್ದನೋ, ಹೆಂಡತಿಯ ಮಾತು ನಂಬುವುದೇ ವಾಸಿ ಎನಿಸಿತೋ ಹೇಳಲಾರೆ. ನನಗೆ ಮಾತ್ರ ಹೆಜ್ಜೆ ಇನ್ನಷ್ಟು ಹಗುರ ಮಾಡಿಕೊಳ್ಳಬೇಕಾಯಿತು. ಕೊನೆಕೊನೆಗೆ ನೆಲದ ಮೇಲೂ ಹಾಗೇ ನಡೆಯತೊಡಗಿದೆ. ಅಡುಗೆಮನೆಗೆ ಯಾವಾಗ ಬಂದೆನೆಂದು ಅವ್ವನಿಗೇ ತಿಳಿಯುತ್ತಿರಲಿಲ್ಲ. ಬೆಚ್ಚಿಬಿದ್ದು ಬೈಯುತ್ತಿದ್ದಳು.

ಹತ್ತನೆಯ ಇಯತ್ತೆ ಪಾಸಾದೆ. ಸ್ಕೂಲಿನ ದೊಡ್ಡ ಮೇಡಂ ಜೂನಿಯರ್ ಕಾಲೇಜಿನ ಅರ್ಜಿ ತಾವೇ ತುಂಬಿ, ಅಪ್ಪನ ಸಹಿಗೆಂದು ಕೈಗೆ ಕೊಟ್ಟರು. ಅದನ್ನು ಹಿಡಿದುಕೊಂಡು ಮನೆಗೆ ಬಂದರೆ ನಡುಮನೆಯಲ್ಲಿ ನಾಲ್ಕನೆಯ ಮಾಳಿಗೆಯ ಬಸಮ್ಮ ಕೂತಿದ್ದಳು. ದೊಡ್ಡ ಗಾದಿಯ ಮನೆಯ ಯಜಮಾನಿ, ಒಬ್ಬನೇ ಮಗ. ಗಂಡಸರು ಹತ್ತಿಯ ಎಳೆಯನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆದು ನೋಡುವ ಹಾಗೆ ಬಸಮ್ಮ ನನ್ನನ್ನು ನೋಡಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

"ಮುಖ ನೋಡೋದೇನೈತಿ ಯಮ್ಮಾ, ನಾನು ಹೆಜ್ಜಿ ನೋಡೀನಿ. ಮೂರು ವರ್ಷ ಆತು ನನ್ನ ಮಾಳಿಗಿ ಮ್ಯಾಲ ಹಾಯ್ತಾಳ. ಒಂದು ದಿನ ನನ್ನ ರೊಟ್ಟಿ ಮ್ಯಾಲ ಒಂದು ಹರಳು ಬಿದ್ದಿಲ್ಲ. ಎಷ್ಟು ತಗ್ಗಿ ಬಗ್ಗಿ ನಡೀತಾಳ! ಇಂಥಾ ಗುಣದ ಹುಡುಗಿ ನನಗ ಆದವಾನಿ ತುಂಬ ಹುಡುಕಿದ್ರೂ ಸಿಗಾಕಿಲ್ಲ."

ಅಜ್ಜಿಯ ಮುಖ ಅರಳಿತು. ಚಿಗಪ್ಪನ ಹೆದರಿಕೆಗೆ ಕಲಿತ ನಡಿಗೆಯನ್ನು ಈಕೆ ಗುಣ ಎಂದು ತಿಳಿದಿದ್ದಳು. ಹೆಜ್ಜೆಯಿಂದ ಮನುಷ್ಯರನ್ನು ಅಳೆಯುವುದು ನಮ್ಮ ಓಣಿಯಲ್ಲಿ ಹೊಸದಲ್ಲ. ಮಾಳಿಗೆ ಅದುರಿಸಿ ನಡೆಯುವವಳು ಗಯ್ಯಾಳಿ, ಎಳೆದು ನಡೆಯುವವಳು ಸೋಮಾರಿ, ಸದ್ದಿಲ್ಲದವಳು ಚಿನ್ನ. ಇಷ್ಟು ದಿನ ನಾನು ಸ್ಕೂಲಿಗೆ ಹೋಗುತ್ತಿದ್ದೇನೆ ಎಂದುಕೊಂಡಿದ್ದೆ. ಆರು ಅಡುಗೆಮನೆಗಳು ಕೆಳಗೆ ಕೂತು ನನ್ನನ್ನು ಹೆಣ್ಣು ನೋಡುತ್ತಿದ್ದವು. ನನಗೆ ಆದ ಸಿಟ್ಟು ಅಷ್ಟಿಷ್ಟಲ್ಲ. ಕಾಲೇಜಿನ ಅರ್ಜಿ ತೋರಿಸಿದೆ. ಅಜ್ಜಿ ಅದನ್ನು ಮಡಿಸಿ ದೇವರ ಪಟದ ಹಿಂದೆ ಇಟ್ಟಳು, ಅಂದರೆ ಅದರ ಕಥೆ ಮುಗಿಯಿತು ಎಂದರ್ಥ. ಅಪ್ಪನನ್ನು ಕೇಳಿದೆ. "ಬಸಮ್ಮನ ಮನಿಗಿಂತ ಏನು ಬೇಕು ನಿನಗ, ನಾಕು ಹೆಜ್ಜಿಗೆ ತವರುಮನಿ" ಎಂದ. ಹುಡುಗ ಕೆಟ್ಟವನಲ್ಲ, ಮನೆ ಕೆಟ್ಟದ್ದಲ್ಲ, ನನ್ನ ಕಷ್ಟವೇ ಅದು. ಬೇಡ ಎನ್ನಲು ಒಂದು ಕಾರಣವನ್ನೂ ಅವರು ನನಗೆ ಉಳಿಸಿರಲಿಲ್ಲ. ಅವ್ವನ ಸೆರಗು ಹಿಡಿದೆ.

"ಅವ್ವಾ, ನೀನರ ಹೇಳು."

"ನನ್ನ ಯಾರು ಕೇಳಿದ್ರು, ನಾ ಹೇಳಾಕ?" ಎಂದಳು. ಮೊರ ಸರಿಸಿದಳು.

ಶುಕ್ರವಾರ ನಿಶ್ಚಯಕ್ಕೆ ಗೊತ್ತಾಯಿತು. ಗುರುವಾರ ಇಡೀ ದಿನ ನಾನು ಮನೆಯೊಳಗೆ ಆ ಗೋಡೆಯಿಂದ ಈ ಗೋಡೆಗೆ ತಿರುಗಿದೆ. ನಾಲ್ಕನೆಯ ಮಾಳಿಗೆಯ ಬೆಳಕಿಂಡಿ ಕಣ್ಣಿಗೆ ಕಟ್ಟಿದಂತಿತ್ತು. ಅದರ ಕೆಳಗೂ ಹೀಗೇ ಒಂದು ತಾಟಿನಷ್ಟು ಬಿಸಿಲು ಬೀಳುತ್ತದೆ. ನನ್ನ ಇಡೀ ಆಯುಷ್ಯ ಈ ತಾಟಿನಿಂದ ಆ ತಾಟಿಗೆ, ಅಷ್ಟೇ. ಯಾರಿಗೆ ಹೇಳಬೇಕು? ಬಾಯಿಂದ ಹೇಳಿದ್ದನ್ನು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಕಾಲಿನ ಮಾತಿಗೆ ಮಾತ್ರ ಓಣಿಗೆ ಓಣಿಯೇ ಕಿವಿಗೊಟ್ಟಿತ್ತು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮಾಳಿಗೆ ಹತ್ತಿದೆ. ಚಪ್ಪಲಿ ಕಾಲಲ್ಲೇ ಇತ್ತು. ಗೋಡೆ ಹಾರಿ ಚಿಗಪ್ಪನ ಮಾಳಿಗೆಯ ಮೇಲೆ ಎರಡು ತೊಲೆಗಳ ನಡುವೆ ಸರಿಯಾಗಿ ಧುಮುಕಿದೆ. ಮತ್ತೊಮ್ಮೆ ಎಗರಿದೆ. ಕೆಳಗೆ ದೇವರ ಕೋಣೆಯಿಂದ ಚಿಗಪ್ಪನ ಕೂಗು ಕೇಳಿಸಿತು. ಲಿಂಗ ಹಿಡಿದ ಅಂಗೈ ಮೇಲೆ ಚೌಳು ಮಣ್ಣು ಬಿದ್ದಿತ್ತು, ಹುಟ್ಟಿದಾಗಿನಿಂದ ಪೂಜೆಯಲ್ಲಿ ಬಾಯಿ ಬಿಡದ ಮನುಷ್ಯ ಬಾಯಿ ಬಿಟ್ಟಿದ್ದ. ನಾನು ನಿಲ್ಲಲಿಲ್ಲ. ಮಾಳಿಗೆಯಿಂದ ಮಾಳಿಗೆಗೆ ಧಡಧಡ ಓಡಿದೆ, ಪ್ರತಿ ಬೆಳಕಿಂಡಿಯಿಂದಲೂ ಬೈಗುಳ ಎದ್ದು ಬಂತು. ಬಸಮ್ಮನ ಮಾಳಿಗೆಗೆ ಬಂದಾಗ ಕೆಳಗಿನಿಂದ ಹೋಳಿಗೆಯ ಹೂರಣದ ವಾಸನೆ ಬರುತ್ತಿತ್ತು. ಅಲ್ಲಿ ನಿಂತು, ಹೊಟ್ಟೆಯಲ್ಲಿದ್ದದ್ದೆಲ್ಲ ಕಾಲಿಗೆ ಇಳಿಯುವವರೆಗೆ ಕುಣಿದೆ. ಹುಸೇನಮ್ಮನ ಮಾಳಿಗೆಗೆ ಬಂದಾಗ ಮಾತ್ರ ನನಗೆ ಅರಿವಿಲ್ಲದೆ ಕಾಲು ತೊಲೆ ಹುಡುಕಿಕೊಂಡವು. ಹತ್ತಿ ಬಿಸಿಲಿಗೆ ಹಾಕುತ್ತಿದ್ದ ಆಕೆ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು.

"ಏಮೇ ಪಿಲ್ಲಾ, ಭೂಕಂಪಂ ತೆಚ್ಚಿನಾವಾ?"

ಭೂಕಂಪ ತಂದೆಯಾ ಎಂದು ಕೇಳಿದ ಆಕೆಯ ಹತ್ತಿಯ ರಾಶಿಯಲ್ಲಿ ನಾನು ಮುಖ ಹುದುಗಿಸಿ ಅತ್ತೆ.

ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಸಾಲಿನ ಹೆಂಗಸರೆಲ್ಲ ಸೇರಿದರು. ಬಸಮ್ಮ ಹೂರಣದ ಪಾತ್ರೆಯನ್ನೇ ಹೊತ್ತು ತಂದು ಅಜ್ಜಿಯ ಮುಂದೆ ಇಟ್ಟಳು. ಮೇಲೆ ಬೆರಳು ದಪ್ಪ ಮಣ್ಣು.

"ಇಂಥಾ ಗುಡುಗು ನಮ್ಮ ಮನಿಗೆ ಬ್ಯಾಡ. ಇನ್ನ ಈಕಿ ಕಾಲು ನಮ್ಮ ಯಾರ ಮಾಳಿಗಿ ಮ್ಯಾಲನೂ ಬೀಳಬಾರದು."

ಎಲ್ಲರೂ ಹೋದ ಮೇಲೆ ಅಜ್ಜಿ ನನ್ನ ಕೆನ್ನೆಗೆ ಬಾರಿಸಿದಳು. ಕತ್ತಲಾಗುವ ಮೊದಲು ಪಟದ ಹಿಂದಿನಿಂದ ಅರ್ಜಿ ತೆಗೆದು ನನ್ನ ಮುಂದೆ ಒಗೆದಳು.

"ಈ ಪ್ಯಾಟ್ಯಾಗ ಇನ್ನ ನಿನ್ನ ಯಾರೂ ಮಾಡಿಕೊಳ್ಳಾಕಿಲ್ಲ. ಓದೇ ಸಾಯಿ. ಮಾಳಿಗಿ ಬಂದ್ ಆತು, ಬೀದಿ ಹಿಡಿದೇ ಹೋಗು."

ನಾನು ಗೆದ್ದಿದ್ದೆ. ಅಪ್ಪ ಸಹಿ ಹಾಕಿದ. ಗೆದ್ದ ಖುಷಿ ಎರಡು ದಿನ ಉಳಿಯಿತು. ಮೂರನೆಯ ದಿನ ನೀರು ಹೊರುವವಳು ಚಿಗವ್ವನ ಸುದ್ದಿ ತಂದಳು. ಮೂರು ವರ್ಷದ ಮಂಗ ಯಾರೆಂದು ಚಿಗಪ್ಪನಿಗೆ ಇನ್ನು ಅನುಮಾನ ಉಳಿದಿರಲಿಲ್ಲ. ಆತ ಹೊಡೆಯಲಿಲ್ಲ, ಬೈಯಲಿಲ್ಲ. ಮಾಳಿಗೆ ಹತ್ತುವ ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ತನ್ನ ಉಡುದಾರಕ್ಕೆ ಕಟ್ಟಿಕೊಂಡ. ಚಿಗವ್ವನಿಗೆ ಇದ್ದದ್ದು ಅದೊಂದು ಆಕಾಶ. ಸೋಮವಾರ ನಸುಕಿನಲ್ಲಿ ಗುಡಿಗೆ ಹೋಗಿಬರುವುದು ಬಿಟ್ಟರೆ ಆಕೆ ಹೊರಗೆ ಬರುತ್ತಿದ್ದದ್ದು ಮಾಳಿಗೆಗೆ ಮಾತ್ರ. ಕುಣಿಯುವ ಮೊದಲು ನಾನು ಎಲ್ಲರನ್ನೂ ಎಣಿಸಿದ್ದೆ. ಬಸಮ್ಮನನ್ನು, ಅಜ್ಜಿಯನ್ನು, ಅಪ್ಪನನ್ನು. ಚಿಗವ್ವನನ್ನು ಎಣಿಸಿರಲಿಲ್ಲ. ನನ್ನ ಬುದ್ಧಿಗೆ ಅದು ಹೊಳೆದೇ ಇರಲಿಲ್ಲ ಎಂದು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಕಾಲೇಜಿನ ಮೊದಲ ದಿನ ಸಂದಿ ಬಾಗಿಲಿಂದ ಬೀದಿಗೆ ಇಳಿದೆ. ಹತ್ತು ಹೆಜ್ಜೆಗೆ ಚಿಗಪ್ಪನ ಗಾದಿ. ತಲೆ ತಗ್ಗಿಸಿ ಹಾದುಹೋಗಬೇಕೆಂದುಕೊಂಡಿದ್ದೆ, ಕಾಲು ಅಲ್ಲೇ ನಿಂತವು. ಚಿಗಪ್ಪ ಲೋಡಿಗೆ ಒರಗಿ ಹತ್ತಿಯ ಮಾದರಿ ಬಿಡಿಸುತ್ತಿದ್ದ. ಎಂಟನೆಯ ವರ್ಷದಿಂದ ಆತ ನನ್ನ ಜೊತೆ ಮಾತಾಡಿರಲಿಲ್ಲ, ಹದಿಮೂರರಿಂದ ನನ್ನನ್ನು ನೋಡಿಯೇ ಇರಲಿಲ್ಲ. ಕನ್ನಡಕ ಏರಿಸಿ ನೋಡಿದ.

"ಎವುರು ಕಾವಾಲಮ್ಮಾ? ಏ ಊರು ಮೀದಿ?"

ಯಾರು ಬೇಕು, ಯಾವ ಊರು ಎಂದು ಗಿರಾಕಿಯನ್ನು ಕೇಳುವ ಹಾಗೆ ತೆಲುಗಿನಲ್ಲಿ ಕೇಳಿದ. ನನ್ನ ಹೆಜ್ಜೆಯನ್ನು ಮೂರು ವರ್ಷ ತಲೆಯ ಮೇಲೆ ಹೊತ್ತ ಮನುಷ್ಯನಿಗೆ ನನ್ನ ಮುಖ ಗೊತ್ತಿರಲಿಲ್ಲ.

"ಇದೇ ಊರು, ಚಿಗಪ್ಪ. ಬಾಜೂ ಮನಿ. ಚಿಗವ್ವನ್ನ ನೋಡಬೇಕು."

ಆತನ ಕೈಯಲ್ಲಿದ್ದ ಹತ್ತಿಯ ಎಳೆ ಹಾಗೇ ನಿಂತಿತು. ಆಮೇಲೆ ಮುಖ ತಗ್ಗಿಸಿ, ಕನ್ನಡದಲ್ಲಿ, ಮೆಲ್ಲಗೆ ಹೇಳಿದ.

"ಹೆಣ್ಮಕ್ಕಳು ಸಂದಿ ಬಾಗಿಲಿಗೆ ಬರ್ತಾರ."

ಕತ್ತಲ ಸಂದಿಯಲ್ಲಿ ತಡವರಿಸಿಕೊಂಡು ಹೋಗಿ ಬಾಗಿಲು ಬಡಿದೆ. ಚಿಗವ್ವ ತೆರೆದಳು. ಕೈಯೆಲ್ಲ ಹಿಟ್ಟು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೊಸ ಲಂಗ, ಚೀಲ, ಕಾಲಲ್ಲಿ ಚಪ್ಪಲಿ.

"ಚಿಗವ್ವ, ನನ್ನಿಂದ ನಿನ್ನ ಮಾಳಿಗಿ ಹೋತಲ್ಲ..." ಎನ್ನುವಷ್ಟರಲ್ಲಿ ಅಳು ಬಂತು.

"ಅಳಬ್ಯಾಡ. ಮೊದಲನೇ ದಿನ ಅಳಬಾರದು." ಬಾಗಿಲ ಚೌಕಟ್ಟಿಗೆ ಒರಗಿ, ಸಂದಿಯ ತುದಿಯಲ್ಲಿ ಗೆರೆಯಷ್ಟು ಕಾಣುತ್ತಿದ್ದ ಬೆಳಕಿನ ಕಡೆ ನೋಡಿದಳು. "ನಾ ನೋಡಿದಾಗೆಲ್ಲ ನಸುಕು, ಎಲ್ಲಾ ಬಾಗಿಲು ಹಾಕಿರ್ತಾವ. ಈಗ ಬೀದ್ಯಾಗ ಏನೇನು ನಡದೈತಿ, ಹೇಳಿ ಹೋಗು."

ನಾನು ಬೀದಿಯಲ್ಲಿ ಹಾಕಿದ್ದೇ ಹತ್ತು ಹೆಜ್ಜೆ. ಚಿಗವ್ವನನ್ನು ಅಲ್ಲೇ ನಿಲ್ಲಿಸಿ ಸಂದಿಯ ತುದಿಗೆ ಓಡಿದೆ, ನೋಡಿದೆ, ತಿರುಗಿ ಬಂದು ಹೇಳಿದೆ. ಹಮಾಲರು ಕೊಕ್ಕೆ ಹಾಕಿ ಹತ್ತಿ ಅಂಡಿಗೆ ಇಳಿಸಲಿಕ್ಕೆ ಹತ್ಯಾರ. ಒಬ್ಬಾತ ಒಗ್ಗಾಣಿ ಮಿರ್ಚಿ ಮಾರಲಿಕ್ಕೆ ಹತ್ಯಾನ.

"ಮಿರ್ಚಿ ದೊಡ್ಡವೇನು?"

ಮತ್ತೆ ಓಡಿದೆ. ದೊಡ್ಡವು. ಆಟೋದಾಗ ಪತ್ತಿಕೊಂಡ ಊರಿನವರು ಕುಂತಾರ, ಒಬ್ಬಾಕಿ ತೊಡಿ ಮ್ಯಾಲ ಕೋಳಿ ಐತಿ.

ಚಿಗವ್ವ ನಕ್ಕಳು. "ಮತ್ತ?" ಎಂದಳು.

ಮತ್ತೆ ಓಡಿದೆ. ಕಾಲೇಜು ಮುಟ್ಟುವಷ್ಟರಲ್ಲಿ ಮೊದಲ ಕ್ಲಾಸು ಮುಗಿದಿತ್ತು. ಮರುದಿನ ಅರ್ಧ ತಾಸು ಮೊದಲೇ ಮನೆ ಬಿಟ್ಟೆ.